ಸೈಕಲ್ಲಿನವರಿಗೂ ಸಿಗ್ನಲ್ ಒಂದೇ

ನಮ್ಮ ವಳಸಂಗದಲ್ಲಿ ಸಿಗ್ನಲ್ ಇಲ್ಲ. ಮಹಾರಾಷ್ಟ್ರದ ಜತ್ತ ತಾಲೂಕಿನ ಹಳ್ಳಿಗಳಲ್ಲಿ ಸೈಕಲ್ ಹೊಡೆಯಲು ಕಲಿತವರಿಗೆ ರಸ್ತೆಯ ಕಾಯ್ದೆ ಎಂದರೆ ಒಂದೇ: ಎದುರಿಗೆ ಬಂದವರನ್ನು ನೋಡು, ದಾರಿ ಬಿಡು, ಮುಂದೆ ಹೋಗು. ಓದಿಗೆ, ಕೂಲಿಗೆ, ದವಾಖಾನೆಗೆ ಎಂದು ಸಾಂಗಲಿ, ಮೀರಜ, ವಿಜಯಪುರಕ್ಕೆ ಹೋದವರು ಅಲ್ಲಿಯೂ ಸೈಕಲ್ ಹಿಡಿದಾಗ ಊರಿನ ಈ ರೂಢಿ ಅವರ ಜೊತೆಗೇ ಹೋಗುತ್ತದೆ. ಚೌಕದಲ್ಲಿ ಕೆಂಪು ದೀಪ ಇದ್ದರೂ ಎಡಬಲ ನೋಡಿ ದಾಟುತ್ತಾರೆ. ಪೊಲೀಸರು ಕೈ ಅಡ್ಡ ಹಿಡಿದರೆ ‘ಸೈಕಲ್ಲಿಗೆಂಥಾ ಸಿಗ್ನಲ್ ರೀ ಸಾಹೇಬ್ರ’ ಎನ್ನುತ್ತಾರೆ. ಹಳ್ಳಿಯ ರಸ್ತೆ, ಪಟ್ಟಣದ ಚೌಕ ಎರಡರಲ್ಲೂ ಸೈಕಲ್ ಹೊಡೆದ ಮೇಲೆ ನನಗೆ ಮನದಟ್ಟಾದದ್ದು ಇಷ್ಟು: ಸಿಗ್ನಲ್ ಸೈಕಲ್ಲಿನವರಿಗೂ ಇದೆ, ದಾಟಿದವರನ್ನು ಪೊಲೀಸರು ತಡೆಯುವುದೂ ಸರಿ. ಆದರೆ ಶಿಕ್ಷೆ ಮಾತ್ರ ಆ ತಪ್ಪಿನಿಂದ ಆಗಬಹುದಾದ ಹಾನಿಯಷ್ಟೇ ಇರಬೇಕು.

ಹಳ್ಳಿಯ ರಸ್ತೆಯಲ್ಲಿ ಎಲ್ಲರೂ ಎಲ್ಲರನ್ನೂ ನೋಡಿಕೊಂಡು ಹೋಗುತ್ತಾರೆ. ಪಟ್ಟಣದ ಚೌಕದಲ್ಲಿ ಅದು ಸಾಧ್ಯವಿಲ್ಲ ಎಂದೇ ಸಿಗ್ನಲ್ ಹಾಕಿರುವುದು. ಹಸಿರು ಬಿದ್ದವನು ಅಡ್ಡ ರಸ್ತೆಯಿಂದ ಯಾರೂ ಬರುವುದಿಲ್ಲ ಎಂಬ ನಂಬಿಕೆಯ ಮೇಲೆ ಗಾಡಿ ಬಿಡುತ್ತಾನೆ. ಕೆಂಪಿನಲ್ಲಿ ನುಗ್ಗುವ ಸೈಕಲ್ಲು ಮುರಿಯುವುದು ಈ ನಂಬಿಕೆಯನ್ನು. ಲೆಕ್ಕ ಹಾಕಿ ನೋಡಿ. ತಾಸಿಗೆ 15 ಕಿಲೋಮೀಟರ್ ಹೋಗುವ ಸೈಕಲ್ಲು ಸೆಕೆಂಡಿಗೆ ನಾಲ್ಕು ಮೀಟರ್ ದಾಟುತ್ತದೆ. ಇಪ್ಪತ್ತು ಮೀಟರ್ ಅಗಲದ ಚೌಕಕ್ಕೆ ಅದಕ್ಕೆ ಐದು ಸೆಕೆಂಡು ಬೇಕು. ಅಷ್ಟರೊಳಗೆ ತಾಸಿಗೆ 50 ಕಿಲೋಮೀಟರ್ ವೇಗದ ಕಾರು ಸುಮಾರು 70 ಮೀಟರ್ ಬಂದಿರುತ್ತದೆ. ದಾಟಲು ಶುರು ಮಾಡುವಾಗ ದೂರದಲ್ಲಿ ಕಂಡ ಕಾರು ನಾವು ಚೌಕ ದಾಟುವಷ್ಟರಲ್ಲಿ ಮೈಮೇಲೆ ಬಂದಿರುತ್ತದೆ. ಕಬ್ಬಿನ ಸುಗ್ಗಿಯಲ್ಲಿ ಸಾಂಗಲಿ ಜಿಲ್ಲೆಯ ರಸ್ತೆಗಳ ತುಂಬ ಓಡಾಡುವ, ಹಿಂದೆ ಎರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರುಗಳ ಮಾತು ಇನ್ನೂ ಬೇರೆ. ಎಷ್ಟೋ ಟ್ರಾಲಿಗಳಿಗೆ ಸ್ವಂತ ಬ್ರೇಕೇ ಇರುವುದಿಲ್ಲ. ಡ್ರೈವರ್ ಎಷ್ಟೇ ಒಳ್ಳೆಯವನಾದರೂ ಆ ಭಾರ ಥಟ್ಟನೆ ನಿಲ್ಲುವುದಿಲ್ಲ.

‘ಸೈಕಲ್ಲಿನಿಂದ ಯಾರು ಸಾಯುತ್ತಾರೆ, ಪೆಟ್ಟಾದರೆ ನನಗೇ ತಾನೆ’ ಎಂಬ ವಾದ ನಮ್ಮಲ್ಲಿ ಬಹಳ ಕೇಳಿಬರುತ್ತದೆ. ಅದರಲ್ಲಿ ಅರ್ಧ ಸತ್ಯವಿದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಕೇಂದ್ರ ಸರಕಾರದ ವರದಿಯ ಪ್ರಕಾರ ಆ ಸಾವುಗಳಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಅತಿವೇಗದಿಂದ ಆದವು. ಸಿಗ್ನಲ್ ದಾಟಿ ಆದವು ನೂರಕ್ಕೆ ಒಂದರ ಆಸುಪಾಸು. ಸತ್ತವರಲ್ಲಿ ನೂರಕ್ಕೆ ಸುಮಾರು ಮೂವರು ಸೈಕಲ್ ಸವಾರರು. ರಸ್ತೆಯ ದೊಡ್ಡ ಅಪಾಯ ಸೈಕಲ್ಲಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆದರೆ ಅದೇ ವರ್ಷ ಸತ್ತವರಲ್ಲಿ ಸುಮಾರು ಐದರಲ್ಲಿ ಒಬ್ಬರು ಕಾಲ್ನಡಿಗೆಯವರು. ಸಿಗ್ನಲ್ ಇರುವ ಚೌಕದಲ್ಲಿ ನಡೆಯುವವರು ರಸ್ತೆ ದಾಟುವುದು ನಮ್ಮ ಕಡೆಗೆ ಕೆಂಪು ಬಿದ್ದಾಗಲೇ. 1894ರಲ್ಲಿ ವಾನ್‌ಲೆಸ್ ಡಾಕ್ಟರರು ಮಿಷನ್ ಆಸ್ಪತ್ರೆ ಕಟ್ಟಿದಾಗಿನಿಂದ ಮೀರಜ ನಮ್ಮ ಸೀಮೆಯ ರೋಗಿಗಳ ಊರು. ಅಲ್ಲಿ ಒಂದು ಕೈಯಲ್ಲಿ ಎಕ್ಸ್‌ರೇ ಲಕೋಟೆ, ಇನ್ನೊಂದು ಕೈಯಲ್ಲಿ ಮಗನ ತೋಳು ಹಿಡಿದು ಹೆಜ್ಜೆ ಎಣಿಸುತ್ತ ದಾಟುವ ಮುದುಕಿಗೆ ಮೋಟರಿನ ಸದ್ದಾದರೂ ಕೇಳುತ್ತದೆ. ಸೈಕಲ್ಲು ಸದ್ದಿಲ್ಲದೆ ಬರುತ್ತದೆ. ಆ ವಯಸ್ಸಿನಲ್ಲಿ ಬಿದ್ದರೆ ಸೊಂಟ ಮುರಿಯಲು ಕಾರೇ ಗುದ್ದಬೇಕೆಂದಿಲ್ಲ. ನನ್ನ ಜೀವದ ಗಂಡಾಂತರ ನನಗೆ ಬಿಟ್ಟದ್ದು ಎನ್ನಬಹುದು, ಅವಳ ಗಂಡಾಂತರವನ್ನು ನಾನು ತೀರ್ಮಾನ ಮಾಡುವಂತಿಲ್ಲ.

ಇನ್ನು ಕೆಲವರು ಕಾಯ್ದೆಯನ್ನೇ ಮುಂದಿಡುತ್ತಾರೆ. ಸಿಗ್ನಲ್ ಪಾಲಿಸಬೇಕೆನ್ನುವ 1988ರ ಮೋಟಾರು ವಾಹನ ಕಾಯ್ದೆಯ 119ನೇ ಕಲಮು ಮೋಟಾರು ವಾಹನದ ಚಾಲಕನ ಬಗ್ಗೆ ಮಾತ್ರ ಹೇಳುತ್ತದೆ, ಸೈಕಲ್ಲು ಮೋಟಾರು ವಾಹನವಲ್ಲ ಎನ್ನುತ್ತಾರೆ. ಇದು ನಿಜ. 2019ರ ತಿದ್ದುಪಡಿಯ ನಂತರ ಕೆಂಪು ದೀಪ ದಾಟಿದ ಮೋಟರಿನವನಿಗೆ ಮೊದಲ ಸಲಕ್ಕೇ ಸಾವಿರದಿಂದ ಐದು ಸಾವಿರ ರೂಪಾಯಿವರೆಗೆ ದಂಡ ಬೀಳಬಹುದು. ಆ ದಂಡವನ್ನು ಸೈಕಲ್ಲಿನವನ ಮೇಲೆ ಹೇರಲು ಬರುವುದಿಲ್ಲ. ಆದರೆ ಅಷ್ಟಕ್ಕೇ ಕಾಯ್ದೆ ಮುಗಿಯಲಿಲ್ಲ. 1951ರ ಮಹಾರಾಷ್ಟ್ರ ಪೊಲೀಸ್ ಕಾಯ್ದೆಯ 33ನೇ ಕಲಮಿನಲ್ಲಿ ರಸ್ತೆಯ ಎಲ್ಲ ಬಗೆಯ ಸಂಚಾರಕ್ಕೆ, ಸೈಕಲ್ ಸವಾರರಿಗೆ, ನಡೆಯುವವರಿಗೆ, ದನ ಹೊಡೆದುಕೊಂಡು ಹೋಗುವವರಿಗೆ ಕೂಡ ನಿಯಮ ಮಾಡುವ ಅಧಿಕಾರವಿದೆ. ಜನರ ಜೀವಕ್ಕೆ ಅಪಾಯವಾಗುವಂತೆ ಯಾವುದೇ ವಾಹನ ಓಡಿಸಿದರೂ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಮು ಅನ್ವಯಿಸುತ್ತದೆ. ಹೀಗಾಗಿ ತಡೆದ ಪೊಲೀಸರಿಗೆ ‘ನಿಮಗೆ ಅಧಿಕಾರವಿಲ್ಲ’ ಎನ್ನುವುದು ತಪ್ಪು. ಸೈಕಲ್ಲಿನವನ ಮುಂದೆ ಮೋಟರಿನ ದಂಡದ ಮೊತ್ತ ಹೇಳಿ ಹೆದರಿಸುವುದೂ ಅಷ್ಟೇ ತಪ್ಪು.

ಹೊರದೇಶದ ಉದಾಹರಣೆ ಕೊಡುವವರೂ ಇದ್ದಾರೆ. ಅಮೆರಿಕದ ಐಡಹೊ ರಾಜ್ಯ 1982ರಲ್ಲೇ ಚೌಕಗಳಲ್ಲಿ ಸೈಕಲ್ಲಿನವರಿಗೆ ರಿಯಾಯಿತಿ ಕೊಟ್ಟಿತು. ಪ್ಯಾರಿಸ್‌ನಲ್ಲಿ 2015ರಿಂದ ಫಲಕ ಹಾಕಿದ ಚೌಕಗಳಲ್ಲಿ ಕೆಂಪು ಇದ್ದರೂ ಸೈಕಲ್ಲಿನವರು ಮುಂದೆ ಹೋಗಬಹುದು. ಆದರೆ ಪ್ಯಾರಿಸ್‌ನಲ್ಲಿ ಎಲ್ಲಿ ಹೋಗಬಹುದು ಎಂಬುದು ಫಲಕದಲ್ಲೇ ಇದೆ, ನಡೆಯುವವರಿಗೆ ಮೊದಲು ದಾರಿ ಬಿಡಬೇಕೆಂಬ ಷರತ್ತೂ ಇದೆ. ಅಂಥ ರಿಯಾಯಿತಿ ನಮ್ಮಲ್ಲೂ ಬರಲಿ ಎಂದು ಕೇಳುವುದು ನ್ಯಾಯ. ಬರುವ ಮೊದಲೇ ನಮಗೆ ನಾವೇ ಕೊಟ್ಟುಕೊಂಡರೆ ಎದುರಿನವರಿಗೆ ಅದು ಗೊತ್ತಿರುವುದಿಲ್ಲ, ಅಪಘಾತ ಆಗುವುದೇ ಅಲ್ಲಿ. ‘ಮೂಟೆ ಹೇರಿದ ಸೈಕಲ್ ನಿಲ್ಲಿಸಿ ಮತ್ತೆ ಎತ್ತುವ ಕಷ್ಟ ನಿಮಗೇನು ಗೊತ್ತು’ ಎಂಬ ಮಾತನ್ನು ಮಾತ್ರ ನಾನು ಹಗುರವಾಗಿ ಕಾಣಲಾರೆ. ಹಾಲಿನ ಕ್ಯಾನು ಕಟ್ಟಿಕೊಂಡವನಿಗೆ ಪ್ರತಿ ನಿಲುಗಡೆಯೂ ತೊಡೆಯ ನೋವು. ಇದಕ್ಕೆ ಪರಿಹಾರ ಚೌಕದಲ್ಲೇ ಆಗಬೇಕು: ನಿಲುಗಡೆ ಗೆರೆಯ ಮುಂದೆ ಸೈಕಲ್ಲಿಗೆ ಬೇರೆ ಜಾಗ, ಮೋಟರಿಗಿಂತ ನಾಲ್ಕು ಸೆಕೆಂಡು ಮೊದಲು ಹಸಿರು.

ಪೊಲೀಸರಿಗೂ ಹೇಳಬೇಕಾದ್ದಿದೆ. ಹಳದಿ ದೀಪ ಸಾಮಾನ್ಯವಾಗಿ ಮೂರು ಸೆಕೆಂಡು. ಮೇಲಿನ ಲೆಕ್ಕದಂತೆ ಚೌಕ ದಾಟಲು ಸೈಕಲ್ಲಿಗೆ ಐದು ಬೇಕು. ಹಸಿರಿನ ಕೊನೆಗೆ ಹೊರಟವನು ನಡುವೆ ಸಿಕ್ಕಿಬಿದ್ದರೆ ಅದು ಅವನ ತಪ್ಪಲ್ಲ, ದೀಪದ ಸಮಯ ಇಟ್ಟವರ ತಪ್ಪು. ಬೇಕೆಂದೇ ನುಗ್ಗಿದವನನ್ನು ತಡೆಯಿರಿ, ಕೆಂಪು ಮುಗಿಯುವ ತನಕ ಪಕ್ಕಕ್ಕೆ ನಿಲ್ಲಿಸಿ ತಿಳಿಹೇಳಿ. ಉಳಿಸಲು ಹೊರಟ ಹೊತ್ತು ಹೋದರೆ ಅದೇ ಅವನಿಗೆ ತಕ್ಕ ಶಿಕ್ಷೆ. ಗಾಲಿಯ ಗಾಳಿ ಬಿಡುವುದು, ವಾಲ್ವ್ ಕಿತ್ತುಕೊಳ್ಳುವುದು ಯಾವ ಕಾಯ್ದೆಯಲ್ಲೂ ಇಲ್ಲ. ದಿನಗೂಲಿಯವನ ಸೈಕಲ್ಲು ನಿಂತರೆ ಅವನ ಅಂದಿನ ಪಗಾರವೂ ಹೋಗುತ್ತದೆ. ಸೈಕಲ್ಲಿನವರೂ ಒಂದು ಮಾತು ನೆನಪಿಡಬೇಕು. ಕೋಲ್ಕತ್ತಾದಲ್ಲಿ 2013ರಲ್ಲಿ 174 ರಸ್ತೆಗಳಲ್ಲಿ ಸೈಕಲ್ಲನ್ನೇ ನಿಷೇಧಿಸಿದ್ದರು. ಸೈಕಲ್ಲು ಶಿಸ್ತಿಲ್ಲದ ವಾಹನ ಎಂದು ನಾವೇ ತೋರಿಸಿಕೊಟ್ಟರೆ ಅಂಥ ಆದೇಶ ಹೊರಡಿಸುವವರಿಗೆ ಕಾರಣ ಒದಗಿಸಿದಂತೆ.

ನಮಗೆ ಬೇರೆ ದಾರಿ ಬೇಕು, ಮೊದಲು ಹಸಿರು ಬೇಕು, ಪೊಲೀಸರಿಂದ ಮರ್ಯಾದೆ ಬೇಕು. ಇವೆಲ್ಲ ರಸ್ತೆಯ ಮೇಲಿನ ನಮ್ಮ ಹಕ್ಕು, ಕೇಳಿಯೇ ಪಡೆಯೋಣ. ಕೇಳುವ ಬಾಯಿಗೆ ಬಲ ಬರುವುದು ನಿಯಮ ಪಾಲಿಸಿದಾಗ. ವಳಸಂಗದಿಂದ, ಜತ್ತದಿಂದ ಪಟ್ಟಣಕ್ಕೆ ಹೋಗಿ ಸೈಕಲ್ ಹೊಡೆಯುವ ಎಲ್ಲರಲ್ಲೂ ನನ್ನ ವಿನಂತಿ ಇಷ್ಟೇ: ಪೊಲೀಸರು ಇರಲಿ ಬಿಡಲಿ, ಕೆಂಪು ಬಿದ್ದರೆ ಕಾಲು ನೆಲಕ್ಕೆ ಊರಿ ನಿಲ್ಲಿರಿ.