ಸಂಬಳದ ಪಟ್ಟಿ ಕಾಯುವ ಕೆಲಸ

ಟ್ಯಾಕ್ಸ್ ಕೆಲಸದಲ್ಲಿ ಕಲಿಯುವುದೆಂದರೆ ಬಜೆಟ್ಟಿನ ಮರುದಿನ ಹೊಸ ಸ್ಲ್ಯಾಬ್ ಗಟ್ಟಿ ಮಾಡಿಕೊಳ್ಳುವುದು, ಹೊಸ ಫಾರಂ ಬಂದರೆ ತುಂಬಿ ಅಭ್ಯಾಸ ಮಾಡುವುದು, ಅಷ್ಟೇ ಎಂಬ ನಂಬಿಕೆ ನಮ್ಮ ವೃತ್ತಿಯಲ್ಲಿ ಬಹಳ ಕಾಲ ಇತ್ತು. ಭದ್ರಾವತಿಯ ಓಲ್ಡ್ ಟೌನಿನಲ್ಲಿ ಆಫೀಸು ಇಟ್ಟುಕೊಂಡಿರುವ ನನಗೆ ಈಚಿನ ವರ್ಷಗಳಲ್ಲಿ ಕಲಂಗಳಿಗಿಂತ ಹೆಚ್ಚು ತಲೆ ತಿಂದದ್ದು ಬೇರೊಂದು ಪ್ರಶ್ನೆ: ನನ್ನ ಮೇಜಿನ ಮೇಲಿರುವ ಈ ಕಾಗದ ಯಾರ ಕೈಗೆ ಹೋಗಬಹುದು, ಯಾರ ಕೈಗೆ ಹೋಗಕೂಡದು?

ನಮ್ಮೂರಿನಲ್ಲಿ ಈ ಪ್ರಶ್ನೆಗೆ ತೂಕ ಜಾಸ್ತಿ. 1923ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆ (ಈಗಿನ ವಿಐಎಸ್‌ಎಲ್), ಆಮೇಲೆ ಬಂದ ಎಂಪಿಎಂ ಕಾಗದದ ಕಾರ್ಖಾನೆ, ಇವೆರಡರ ಸಂಬಳದ ಮೇಲೆ ಭದ್ರಾವತಿ ಬೆಳೆದದ್ದು. ಎಂಪಿಎಂ ನಿಂತು ವರ್ಷಗಳೇ ಆದವು. 2023ರ ಜನವರಿಯಲ್ಲಿ ವಿಐಎಸ್‌ಎಲ್ ಮುಚ್ಚುವ ತೀರ್ಮಾನ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಬೀದಿಗಿಳಿದದ್ದನ್ನು ಊರೆಲ್ಲ ನೋಡಿದೆ. ನನ್ನ ಬಳಿ ಬರುವವರಲ್ಲಿ ಒಂದು ಪಾಲು ದುಡಿಮೆ ಮುಗಿಸಿ ಗ್ರಾಚ್ಯುಟಿ, ಪಿಎಫ್ ಹಣದ ಇಡುಗಂಟನ್ನು ಬ್ಯಾಂಕಿನಲ್ಲಿಟ್ಟು ಬಡ್ಡಿಯಲ್ಲಿ ಬದುಕುವ ಹಿರಿಯರು. ಇನ್ನೊಂದು ಪಾಲು ಶಾಲೆ, ನರ್ಸಿಂಗ್ ಹೋಂ, ಅಕ್ಕಿ ಗಿರಣಿ, ಲೇಬರ್ ಕಂಟ್ರಾಕ್ಟ್ ನಡೆಸುವವರು. ಅವರ ಸಿಬ್ಬಂದಿಯ ಸಂಬಳ, ಪಿಎಫ್, ಇಎಸ್‌ಐ, ಟಿಡಿಎಸ್ ಎಲ್ಲವೂ ನಮ್ಮ ಕಂಪ್ಯೂಟರಿನಲ್ಲೇ. ಒಬ್ಬ ಮನುಷ್ಯನ ಹೆಸರು, ಹುಟ್ಟಿದ ದಿನ, ಪ್ಯಾನ್, ಆಧಾರ್, ಪಿಎಫ್‌ನ ಯುಎಎನ್, ಖಾತೆ ಸಂಖ್ಯೆ, ತಿಂಗಳಿಗೆ ಕೈಗೆ ಬರುವ ಮೊತ್ತ, ಇಷ್ಟೂ ಒಂದೇ ಸಾಲಿನಲ್ಲಿ ಸಿಗುವ ಜಾಗ ಸಂಬಳದ ಪಟ್ಟಿ. ಕಳ್ಳನಿಗೆ ತಿಜೋರಿ ಬೇಕಾಗಿಲ್ಲ, ಆ ಒಂದು ಎಕ್ಸೆಲ್ ಫೈಲು ಸಾಕು.

ಅದನ್ನೇ ಕೇಳಿಕೊಂಡು ಒಮ್ಮೆ ಮೆಸೇಜ್ ಬಂತು. ಜೂನ್ ತಿಂಗಳು. 15ರೊಳಗೆ ಫಾರಂ 16 ಕೊಡಬೇಕು, ಎಲ್ಲರಿಗೂ ಅವಸರ. ನಾವು ಲೆಕ್ಕ ನೋಡುವ ಒಂದು ಶಾಲೆಯ ಕಾರ್ಯದರ್ಶಿಯ ಫೋಟೋ ಇದ್ದ ವಾಟ್ಸಾಪ್ ನಂಬರಿನಿಂದ ಎರಡೇ ಸಾಲು: ‘ಆಡಿಟ್ ಅರ್ಜೆಂಟ್ ಇದೆ ಮೇಡಂ, ಎಲ್ಲಾ ಸ್ಟಾಫಿನ ಪ್ಯಾನ್, ಅಕೌಂಟ್, ಸ್ಯಾಲರಿ ಡಿಟೇಲ್ಸ್ ಈಗಲೇ ಕಳಿಸಿ. ಮೀಟಿಂಗ್‌ನಲ್ಲಿದ್ದೇನೆ, ಕಾಲ್ ಮಾಡಬೇಡಿ.’ ನಮ್ಮಲ್ಲಿ ಕೆಲಸ ಮಾಡುವ ಹುಡುಗಿ ಫೈಲ್ ತೆರೆದವಳು ಅಲ್ಲೇ ಕೈ ತಡೆದಳು. ಆ ಕಾರ್ಯದರ್ಶಿ ಅವಳನ್ನು ಯಾವತ್ತೂ ಮೇಡಂ ಎಂದವರಲ್ಲ, ‘ಏನಮ್ಮಾ’ ಎಂದೇ ಮಾತು ಶುರು ಮಾಡುವವರು. ಟೈಪ್ ಮಾಡುವುದಕ್ಕಿಂತ ಫೋನ್ ಮಾಡುವುದೇ ಅವರಿಗೆ ರೂಢಿ. ಅವಳು ಮೆಸೇಜಿಗೆ ಉತ್ತರ ಕೊಡದೆ, ನಮ್ಮ ರಿಜಿಸ್ಟರಿನಲ್ಲಿ ಮೊದಲಿನಿಂದ ಬರೆದಿಟ್ಟಿದ್ದ ನಂಬರಿಗೆ ಫೋನ್ ಹಚ್ಚಿದಳು. ಅವರು ತರೀಕೆರೆಯಲ್ಲಿ ಮದುವೆ ಮನೆಯಲ್ಲಿದ್ದರು. ಯಾವ ಪಟ್ಟಿಯನ್ನೂ ಕೇಳಿರಲಿಲ್ಲ.

ಆ ಹುಡುಗಿಗೆ ಸೈಬರ್ ಭದ್ರತೆಯ ಯಾವ ಸರ್ಟಿಫಿಕೇಟೂ ಇಲ್ಲ. ಅವಳನ್ನು ಕಾಪಾಡಿದ್ದು ಗಿರಾಕಿಯ ಮಾತಿನ ಧಾಟಿಯ ಪರಿಚಯ, ‘ಕಾಲ್ ಮಾಡಬೇಡಿ’ ಎಂದವರಿಗೇ ಕಾಲ್ ಮಾಡುವ ಧೈರ್ಯ. ಇದೇ ಆಟ ಅಮೆರಿಕದಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆದಿದೆ ಎಂದು ಆಮೇಲೆ ಓದಿ ತಿಳಿದೆ. ನಮ್ಮ ಫಾರಂ 16ರಂತೆ ಅಲ್ಲಿ ಡಬ್ಲ್ಯೂ-2 ಎಂಬ ಫಾರಂ ಇದೆ. ಕಂಪನಿಯ ಮುಖ್ಯಸ್ಥನ ಹೆಸರಿನಲ್ಲಿ ಇಮೇಲ್ ಕಳಿಸಿ ಎಲ್ಲ ನೌಕರರ ಡಬ್ಲ್ಯೂ-2 ತರಿಸಿಕೊಳ್ಳುವವರ ಬಗ್ಗೆ ಅಲ್ಲಿನ ತೆರಿಗೆ ಇಲಾಖೆ 2016ರಲ್ಲೇ ಎಚ್ಚರಿಸಿತ್ತು.

ಅಂದಿನಿಂದ ಕೆಲವು ಸಂಗತಿಗಳಲ್ಲಿ ನಮ್ಮ ಆಫೀಸು ಹಠಮಾರಿ. ನೌಕರನ ಸಂಬಳದ ಖಾತೆ ಬದಲಾಯಿಸಬೇಕೆಂದು ಮಾಲೀಕರೇ ಹೇಳಿದರೂ ಸಹಿ ಮಾಡಿದ ಪತ್ರ ಬೇಕು, ಆ ನೌಕರನಿಗೇ ಹಳೆಯ ನಂಬರಿನಲ್ಲಿ ಫೋನ್ ಮಾಡಿ ಕೇಳಬೇಕು. ಇಡೀ ಪಟ್ಟಿ ವಾಟ್ಸಾಪಿನಲ್ಲಿ ಹೋಗುವುದೇ ಇಲ್ಲ. ‘ನಮ್ಮ ಮೇಲೆ ನಂಬಿಕೆ ಇಲ್ವಾ’ ಎಂದು ಮುನಿಸಿಕೊಂಡವರಿದ್ದಾರೆ. ಮುನಿಸು ನಾಲ್ಕು ದಿನದಲ್ಲಿ ಇಳಿಯುತ್ತದೆ, ಹೋದ ಸಂಬಳ ವಾಪಸ್ ಬರುವುದು ಕಷ್ಟ.

ಪಾಸ್‌ವರ್ಡಿನ ವಿಚಾರದಲ್ಲಿ ಒಂದು ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಲಾಖೆಯ ಪೋರ್ಟಲಿನಿಂದ ವಾರ್ಷಿಕ ಮಾಹಿತಿ ಪಟ್ಟಿ, ಅಂದರೆ ಎಐಎಸ್, ಪಿಡಿಎಫ್ ಆಗಿ ಇಳಿಸಿಕೊಂಡರೆ ಅದಕ್ಕೆ ಪಾಸ್‌ವರ್ಡ್ ಇರುತ್ತದೆ. ಸಣ್ಣ ಅಕ್ಷರಗಳಲ್ಲಿ ಪ್ಯಾನ್, ಅದರ ಬೆನ್ನಿಗೆ ಹುಟ್ಟಿದ ದಿನ, ತಿಂಗಳು, ಇಸವಿ. ರಿಟರ್ನ್ ಸಲ್ಲಿಸಿದ ಮೇಲೆ ಸಿಗುವ ಐಟಿಆರ್-ವಿ ತೆರೆಯುವುದೂ ಹೀಗೆಯೇ. ಈಗ ಪ್ಯಾನ್ ಕಾರ್ಡನ್ನು ಕೈಯಲ್ಲಿ ಹಿಡಿದು ನೋಡಿ. ನಂಬರೂ ಅದರಲ್ಲೇ, ಹುಟ್ಟಿದ ದಿನವೂ ಅದರಲ್ಲೇ. ಒಬ್ಬರ ಪ್ಯಾನ್ ಕಾರ್ಡಿನ ಫೋಟೋ, ಎಐಎಸ್ ಪಿಡಿಎಫ್ ಎರಡೂ ಒಂದೇ ವಾಟ್ಸಾಪ್ ಚಾಟಿನಲ್ಲಿದ್ದರೆ ಬೀಗ ಹಾಕಿ ಕೀಲಿಯನ್ನು ಬಾಗಿಲಿಗೇ ನೇತುಹಾಕಿದಂತೆ. ಆ ಪಿಡಿಎಫ್ ಒಳಗೆ ಯಾವ ಬ್ಯಾಂಕಿನಲ್ಲಿ ಎಷ್ಟು ಬಡ್ಡಿ ಬಂತು, ಯಾವ ಷೇರು ಮಾರಿದರು ಎಂಬುದೆಲ್ಲ ಇರುತ್ತದೆ. ‘ನಿಮ್ಮ ಇಂಥ ಬ್ಯಾಂಕಿನ ಡೆಪಾಸಿಟ್ಟಿಗೆ ಕೆವೈಸಿ ಬಾಕಿ ಇದೆ’ ಎಂದು ನಿವೃತ್ತ ಕಾರ್ಮಿಕರೊಬ್ಬರಿಗೆ ಫೋನ್ ಮಾಡುವವನಿಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಬೇಕೆ? ಅದಕ್ಕೇ ನಮ್ಮಲ್ಲಿ ಈಗ ಪ್ಯಾನ್ ಪ್ರತಿ ಒಂದು ಕಡೆ, ಪಿಡಿಎಫ್ ಇನ್ನೊಂದು ಕಡೆ. ಜೆರಾಕ್ಸ್ ಕೊಡುವವರಿಗೆ ಅಡ್ಡಗೆರೆ ಎಳೆದು ‘ರಿಟರ್ನ್ ಸಲ್ಲಿಕೆಗೆ ಮಾತ್ರ’ ಎಂದು ಬರೆದು ಸಹಿ, ತಾರೀಖು ಹಾಕಿಸುತ್ತೇವೆ. ಆಧಾರ್ ಆದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಪ್ರತಿಯೇ ಸಾಕು ಎನ್ನುತ್ತೇವೆ.

ಮೋಸ ಹೊರಗಿನಿಂದಷ್ಟೇ ಬರುವುದಿಲ್ಲ. ನನಗೆ ಹೆಚ್ಚು ನೋವು ಕೊಡುವುದು ನಮ್ಮ ವೃತ್ತಿಯ ಒಳಗಿನದು. ‘ಅಲ್ಲಿ ಕಟ್ಟಿದ ಟ್ಯಾಕ್ಸ್ ಪೂರ್ತಿ ವಾಪಸ್ ಕೊಡಿಸ್ತಾರಂತೆ, ನಿಮ್ಮ ಕೈಲಿ ಯಾಕಾಗಲ್ಲ?’ ಎಂದು ಕೇಳುವವರು ಪ್ರತಿ ಜುಲೈನಲ್ಲೂ ಬರುತ್ತಾರೆ. ಕೊಡಿಸುವ ದಾರಿ ಗೊತ್ತಿರುವುದೇ. ಇಲ್ಲದ ಬಾಡಿಗೆ, ಕೊಡದ ರಾಜಕೀಯ ದೇಣಿಗೆ, ಬಾರದ ಕಾಯಿಲೆಯ ಖರ್ಚು. 2025ರ ಜುಲೈ 14ರಂದು ಆದಾಯ ತೆರಿಗೆ ಇಲಾಖೆ ದೇಶದಾದ್ಯಂತ 150 ಕಡೆ ಪರಿಶೀಲನೆ ನಡೆಸಿದ್ದು ಇಂಥ ರಿಟರ್ನ್ ಬರೆದುಕೊಡುವವರ ಮೇಲೆಯೇ. ಅದಕ್ಕೆ ಮುಂಚಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ಜನ ತಾವಾಗಿಯೇ ರಿಟರ್ನ್ ತಿದ್ದಿ 1,045 ಕೋಟಿ ರೂಪಾಯಿಯ ಸುಳ್ಳು ಕ್ಲೇಮುಗಳನ್ನು ಹಿಂತೆಗೆದುಕೊಂಡಿದ್ದಾರೆ ಎಂದು ಇಲಾಖೆ ಆಗ ಹೇಳಿತು. ಅದೇ ಹೇಳಿಕೆಯಲ್ಲಿದ್ದ ಇನ್ನೊಂದು ಸಂಗತಿ ನನ್ನನ್ನು ಇಂದಿಗೂ ಕಾಡುತ್ತದೆ. ಇಂಥವರು ರಿಟರ್ನ್ ಸಲ್ಲಿಸಲೆಂದೇ ತಾತ್ಕಾಲಿಕ ಇಮೇಲ್ ಐಡಿಗಳನ್ನು ಮಾಡಿ ಆಮೇಲೆ ಕೈಬಿಡುತ್ತಿದ್ದರು. ನೋಟಿಸು ಆ ಪೆಟ್ಟಿಗೆಗೆ ಬಂದು ಬೀಳುತ್ತದೆ, ಓದುವವರಿಲ್ಲ. ಯಾರ ಹೆಸರಿನಲ್ಲಿ ರಿಟರ್ನ್ ಹೋಗಿದೆಯೋ ಆ ಮೇಷ್ಟರಿಗೋ ನರ್ಸಮ್ಮನಿಗೋ ವಿಷಯವೇ ಗೊತ್ತಿರುವುದಿಲ್ಲ. ಸುಳ್ಳು ಮಾಹಿತಿಗೆ ದಂಡ ತೆರಿಗೆಯ 200 ಪ್ರತಿಶತ. ಕಟ್ಟಬೇಕಾದವರು ಅವರೇ ಹೊರತು ಕಮಿಷನ್ ತಿಂದವನಲ್ಲ.

ಅದಕ್ಕಾಗಿ ನಮ್ಮ ಗಿರಾಕಿಗಳ ಪೋರ್ಟಲಿನಲ್ಲಿ ಮೊಬೈಲು, ಇಮೇಲು ಎರಡೂ ಅವರದೇ ಇರಬೇಕೆಂದು ಪಟ್ಟು ಹಿಡಿಯುತ್ತೇನೆ. ಇಮೇಲ್ ಇಲ್ಲದ ಹಿರಿಯರಿದ್ದರೆ ಮಕ್ಕಳದ್ದು ಇರಲಿ, ಆಫೀಸಿನದು ಬೇಡ. ಇದರಿಂದ ಕೆಲಸ ನಿಧಾನವಾಗುತ್ತದೆ. ಓಟಿಪಿಗಾಗಿ ಕಾಯಬೇಕು, ಫೋನ್ ತೆಗೆಯದಿದ್ದರೆ ಮತ್ತೆ ಬನ್ನಿ ಎನ್ನಬೇಕು. ನಿಧಾನವಾಗಲಿ.

ಸಂಬಳದ ಮೋಸದಲ್ಲಿ ಸದ್ದೇ ಮಾಡದ ಒಂದು ಬಗೆ ಇದೆ. ಮಾಲೀಕರು ಟಿಡಿಎಸ್ ಹಿಡಿಯುತ್ತಾರೆ, ಸರ್ಕಾರಕ್ಕೆ ಕಟ್ಟುವುದಿಲ್ಲ. ಪಿಎಫ್ ಹಿಡಿದ ಪೇ ಸ್ಲಿಪ್ ಕೊಡುತ್ತಾರೆ, ಪಾಸ್‌ಬುಕ್ಕಿನಲ್ಲಿ ಅದು ಕಾಣುವುದಿಲ್ಲ. ನನ್ನ ಮುಂದೆ ಕೂತ ಒಬ್ಬ ಸೂಪರ್‌ವೈಸರಿಗೆ ಹೀಗಾಗಿತ್ತು. ಪೇ ಸ್ಲಿಪ್ಪುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಜತನವಾಗಿ ಇಟ್ಟಿದ್ದ. ಕಟ್ಟಿದ ತೆರಿಗೆಯ ಲೆಕ್ಕ ತೋರಿಸುವ 26ಎಎಸ್ ತೆರೆದರೆ ಖಾಲಿ. ಆ ಕವರೇ ಅವನ ಕೈ ಹಿಡಿಯಿತು. ಸಂಬಳದಿಂದ ತೆರಿಗೆ ಕಡಿತವಾಗಿದ್ದರೆ ಅಷ್ಟರ ಮಟ್ಟಿಗೆ ನೌಕರನಿಂದ ಮತ್ತೆ ವಸೂಲು ಮಾಡುವಂತಿಲ್ಲ ಎಂದು 1961ರ ಕಾಯ್ದೆಯ 205ನೇ ಕಲಂ ಹೇಳುತ್ತಿತ್ತು. ಆದರೆ ಕಡಿತವಾಗಿದೆ ಎಂದು ತೋರಿಸುವ ಕಾಗದ ಬೇಕಲ್ಲ! ವರ್ಷದ ಕೊನೆಗೆ ಕಾಯದೆ ಮೂರು ತಿಂಗಳಿಗೊಮ್ಮೆ 26ಎಎಸ್, ತಿಂಗಳಿಗೊಮ್ಮೆ ಉಮಂಗ್ ಆ್ಯಪಿನಲ್ಲಿ ಪಿಎಫ್ ಪಾಸ್‌ಬುಕ್ ನೋಡಿಕೊಳ್ಳಿ ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ.

ಪ್ರಾಕ್ಟೀಸ್ ಮಾಡುವ ಚಾರ್ಟರ್ಡ್ ಅಕೌಂಟೆಂಟರು ಮೂರು ವರ್ಷದಲ್ಲಿ 120 ಗಂಟೆ ಕಲಿಕೆ ಮುಗಿಸಬೇಕೆಂಬ ನಿಯಮವಿದೆ. ಅಮೆರಿಕದಲ್ಲಿ ತೆರಿಗೆ ಕೆಲಸ ಮಾಡುವ ಎನ್ರೋಲ್ಡ್ ಏಜೆಂಟರಿಗೆ ಮೂರು ವರ್ಷಕ್ಕೆ 72 ಗಂಟೆ. ರಿಟರ್ನ್ ಬರೆದುಕೊಡುವವರು ಗಿರಾಕಿಗಳ ಮಾಹಿತಿ ಕಾಯುವ ಕ್ರಮವನ್ನು ಲಿಖಿತವಾಗಿ ಇಟ್ಟುಕೊಳ್ಳಬೇಕೆಂಬ ಕಾನೂನೂ ಅಲ್ಲಿದೆ. ಸಣ್ಣ ಊರಿನ ನಮ್ಮಂಥ ಸಲಹೆಗಾರರಿಗೆ ಗಂಟೆಗಳ ಲೆಕ್ಕ ಇಡುವವರಿಲ್ಲ. ಹಾಗೆಂದು ಕಲಿಕೆ ಬಿಟ್ಟರೆ ನಡೆಯುವುದೂ ಇಲ್ಲ. ಕರ್ನಾಟಕದಲ್ಲಿ ವೃತ್ತಿ ತೆರಿಗೆ ತಿಂಗಳಿಗೆ 200 ರೂಪಾಯಿ ಇದ್ದದ್ದು 2025ರ ತಿದ್ದುಪಡಿಯಿಂದ ಫೆಬ್ರವರಿಯಲ್ಲಿ ಮಾತ್ರ 300 ಆಯಿತು. 2025ರ ನವೆಂಬರ್ 21ರಂದು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ವೇತನದ ವ್ಯಾಖ್ಯೆಯೇ ಬದಲಾಯಿತು. ಭತ್ಯೆಗಳು ಅರ್ಧಕ್ಕಿಂತ ಹೆಚ್ಚಾದರೆ ಮಿಕ್ಕಿದ್ದು ವೇತನಕ್ಕೇ ಸೇರುತ್ತದೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ. ಬದಲಾವಣೆಯ ಇಂಥ ಹೊತ್ತೇ ಮೋಸಗಾರರ ಸುಗ್ಗಿ. ‘ಹೊಸ ಕಾಯ್ದೆಯಂತೆ ನಿಮ್ಮ ಪ್ಯಾನ್ ಅಪ್‌ಡೇಟ್ ಮಾಡಬೇಕು’ ಎಂಬ ಲಿಂಕನ್ನು ನಂಬದವರು ಯಾರು?

ಹಾಗಾಗಿ ಓಲ್ಡ್ ಟೌನ್, ನ್ಯೂ ಟೌನ್ ಕಡೆಯ ಕೆಲವು ಸಲಹೆಗಾರರು ಆಗಾಗ ನಮ್ಮ ಆಫೀಸಿನಲ್ಲೇ ಸೇರುತ್ತೇವೆ. ಮೊದಲ ಅರ್ಧ ಕಾನೂನು. ಉಳಿದರ್ಧ ಆ ತಿಂಗಳು ನಮ್ಮ ಫೋನುಗಳಿಗೆ ಬಂದ ಸುಳ್ಳು ಮೆಸೇಜುಗಳು. ಒಬ್ಬೊಬ್ಬರೂ ತಮಗೆ ಬಂದದ್ದನ್ನು ಓದುತ್ತಾರೆ, ಎಲ್ಲಿ ಅನುಮಾನ ಬಂತು ಎಂದು ಹೇಳುತ್ತಾರೆ. ಆಫೀಸಿನ ಹುಡುಗ ಹುಡುಗಿಯರು ಅಲ್ಲಿ ಕೂರಲೇಬೇಕು, ಏಕೆಂದರೆ ಮೆಸೇಜು ಮೊದಲು ಬರುವುದು ಅವರಿಗೆ. ಮುಂದಿನ ಸಲ ನಿವೃತ್ತ ಕಾರ್ಮಿಕರನ್ನೂ ಕರೆಯಬೇಕೆಂದಿದ್ದೇವೆ. ಹಣ ಹೋದ ಕೂಡಲೇ ನಾಚಿಕೊಂಡು ಮನೆಯಲ್ಲಿ ಕೂರದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡುವುದು ಹೇಗೆ, ಆ ಹೊತ್ತಿನಲ್ಲಿ ಕೈಯಲ್ಲಿ ಯಾವ ಯಾವ ವಿವರ ಇರಬೇಕು ಎಂಬುದನ್ನು ಅವರ ಫೋನುಗಳಲ್ಲೇ ತೋರಿಸಿಕೊಡುವ ಹೊಣೆಯನ್ನು ಅಂದು ಕಾರ್ಯದರ್ಶಿಗೆ ಫೋನ್ ಹಚ್ಚಿದ ಆ ಹುಡುಗಿಗೇ ಒಪ್ಪಿಸಿದ್ದೇನೆ.