ದೊಡ್ಡ ಪರದೆಗೆ ಚೆಂದದ ಚಿತ್ರ

ಹೊಸ ಮಾನಿಟರ್‌ನಲ್ಲಿ ಹಿನ್ನೆಲೆಯ ಚಿತ್ರ ಮಸುಕಾಗಿ ಕಂಡರೆ ಗಾಬರಿಯಾಗಬೇಡಿ, ಸಾಮಾನ್ಯವಾಗಿ ಕೆಟ್ಟಿರುವುದು ಮಾನಿಟರ್ ಅಲ್ಲ. 4ಕೆ ಪರದೆ ತುಂಬಲು 3840×2160 ಪಿಕ್ಸೆಲ್‌ಗಳ ಚಿತ್ರ ಬೇಕು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೊ ಸಾಮಾನ್ಯವಾಗಿ ಕುಗ್ಗಿರುತ್ತದೆ. ಹಾಗೆ ಬಂದ ಜೋಗ ಜಲಪಾತದ ಫೋಟೊವನ್ನು ಹಿಗ್ಗಿಸಿದರೆ ನೀರು ಹಿಟ್ಟು ಕಲಸಿದಂತೆ ಕಾಣುವುದು ಸಹಜ.

ದೊಡ್ಡ ಚಿತ್ರ ಬೇಕಾದರೆ ವಿಕಿಮೀಡಿಯ ಕಾಮನ್ಸ್‌ನಲ್ಲಿ ಹಂಪಿ, ಬಾದಾಮಿ ಎಂದು ಹುಡುಕಿ. ಚಿಕ್ಕ ನಮೂನೆ ಬೇಡ, ಮೂಲ ಫೈಲನ್ನೇ ಇಳಿಸಿಕೊಳ್ಳಿ. ನಾಸಾದ ಹಬಲ್, ಜೇಮ್ಸ್ ವೆಬ್ ದೂರದರ್ಶಕಗಳ ಚಿತ್ರಗಳೂ ಉಚಿತ. ನನ್ನ ಪರದೆಯ ಮೇಲಿರುವುದು ಬಾದಾಮಿಯ ಅಗಸ್ತ್ಯತೀರ್ಥ: ಬಲಕ್ಕೆ ಕೆಂಪು ಬಂಡೆ, ಎಡಕ್ಕೆ ಬರೀ ಹಸಿರು ನೀರು. ಆ ನೀರಿನ ಮೇಲೆ ಐಕಾನ್‌ಗಳು ನಿಚ್ಚಳವಾಗಿ ಕಾಣುತ್ತವೆ. ಹೀಗೆ ಒಂದು ಬದಿ ಖಾಲಿ ಇರುವ ಚಿತ್ರವನ್ನೇ ಆರಿಸಿ. ಕಣ್ಣು ಕುಕ್ಕುವ ಬಣ್ಣ ಎರಡೇ ದಿನಕ್ಕೆ ಸಾಕೆನಿಸುತ್ತದೆ. ಚಿತ್ರ ಕೊಡುವ ಮೊದಲು ಏನನ್ನಾದರೂ ಇನ್‌ಸ್ಟಾಲ್ ಮಾಡಿ ಎನ್ನುವ ತಾಣಗಳ ಸಹವಾಸಕ್ಕೆ ಮಾತ್ರ ಹೋಗಬೇಡಿ.