ವೆಂಟಿಲೇಟರ್ ಬೇಕೇ, ಬೇಡವೇ: ಬರೆದಿಡುವ ಹಕ್ಕು ನಿಮ್ಮದು

‘ವೆಂಟಿಲೇಟರ್ ಹಾಕೋಣವೇ?’ ಎಂದು ಐಸಿಯು ಡಾಕ್ಟರು ಕೇಳಿದಾಗ ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಾರೆ. ಬೇಡವೆಂದರೆ ನಾಳೆ ನೆಂಟರು ಏನೆಂದಾರು ಎಂಬ ಅಂಜಿಕೆ. ಕೊನೆಗೆ ‘ಸ್ವಂತ ಜವಾಬ್ದಾರಿ’ ಎಂದು ಸಹಿ ಹಾಕಿ ಡಿಸ್ಚಾರ್ಜ್ ಮಾಡಿಸಿಕೊಳ್ಳುವುದೇ ಹೆಚ್ಚು. ರೋಗಿ ಮನೆಗೆ ಬರುತ್ತಾರೆ, ನೋವಿನ ಮದ್ದು ಬರುವುದಿಲ್ಲ. ನನ್ನ ಮಟ್ಟಿಗೆ ದೊಡ್ಡ ಅನ್ಯಾಯ ಇದೇ.

ಇದಕ್ಕೆ ಕಾನೂನಿನ ದಾರಿಯಿದೆ. ಘನತೆಯಿಂದ ಸಾಯುವುದೂ ಸಂವಿಧಾನದ 21ನೇ ವಿಧಿಯ ಹಕ್ಕು ಎಂದು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಹೇಳಿತು. ಚಿಕಿತ್ಸೆ ನಿಲ್ಲಿಸಲು ಆಗ ವಿಧಿಸಿದ ಷರತ್ತುಗಳು ಪಾಲಿಸಲಾಗದಷ್ಟು ತೊಡಕಾಗಿದ್ದರಿಂದ 2023ರ ಜನವರಿಯಲ್ಲಿ ತಾನೇ ಸಡಿಲಿಸಿತು. ಇದನ್ನು ಜಾರಿಗೆ ತರಲು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿತು.

ಬುದ್ಧಿ ಸ್ಥಿಮಿತದಲ್ಲಿರುವ ಯಾವ ವಯಸ್ಕರೂ ಲಿವಿಂಗ್ ವಿಲ್, ಅಂದರೆ ಕೊನೆಗಾಲದ ಚಿಕಿತ್ಸೆಯ ಬಗ್ಗೆ ಮುಂಚಿತ ಇಚ್ಛಾಪತ್ರ, ಬರೆಯಬಹುದು. ಇಬ್ಬರು ಸಾಕ್ಷಿಗಳ ಮುಂದೆ ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ, ಅಷ್ಟೇ. ‘ನನ್ನನ್ನು ನೆಮ್ಮದಿಯಾಗಿ ಕಳಿಸಿಕೊಡಿ’ ಎಂದು ಗೀಚಿದರೆ ಸಾಲದು. ಗುಣವಾಗುವ ಆಸೆಯೇ ಇಲ್ಲದಾಗ ವೆಂಟಿಲೇಟರ್ ಬೇಡ, ಡಯಾಲಿಸಿಸ್ ಬೇಡ, ನೋವಿಗೆ ಮಾತ್ರ ಕೊನೆಯವರೆಗೂ ಮದ್ದು ಕೊಡಿ ಎಂದು ಬಿಡಿಸಿ ಬರೆಯಿರಿ. ನಿಮಗೆ ಪ್ರಜ್ಞೆ ತಪ್ಪಿದಾಗ ಒಪ್ಪಿಗೆ ಕೊಡಬೇಕಾದ ಆಪ್ತರ ಹೆಸರು ಅದರಲ್ಲಿರಬೇಕು. ಪ್ರತಿಯನ್ನು ಅವರಿಗೆ, ಮನೆ ಡಾಕ್ಟರಿಗೆ, ಪಂಚಾಯಿತಿ ಅಥವಾ ಪಾಲಿಕೆಯ ನಿಯೋಜಿತ ಅಧಿಕಾರಿಗೆ ಕೊಡಿ. ಬೀರುವಿನ ಪತ್ರ ಐಸಿಯು ತನಕ ನಡೆದುಬರುವುದಿಲ್ಲ.

ಹಾಗೆಂದು ಒಬ್ಬ ಡಾಕ್ಟರೇ ನಿರ್ಧರಿಸಿ ಯಂತ್ರ ತೆಗೆಯುವಂತಿಲ್ಲ. ಚಿಕಿತ್ಸೆ ನೀಡುತ್ತಿರುವ ವೈದ್ಯರ ಜೊತೆ ಕನಿಷ್ಠ ಐದು ವರ್ಷ ಅನುಭವದ ಇಬ್ಬರು ತಜ್ಞರ ಮಂಡಳಿ ಮೊದಲು ನೋಡುತ್ತದೆ. ಬೇರೆ ಮೂವರ ಎರಡನೇ ಮಂಡಳಿಯೂ ಒಪ್ಪಬೇಕು. ಆಪ್ತರ ಒಪ್ಪಿಗೆ ಪಡೆದು, ಆಸ್ಪತ್ರೆ ಮ್ಯಾಜಿಸ್ಟ್ರೇಟರಿಗೆ ತಿಳಿಸಿಯೇ ಮುಂದುವರಿಯಬೇಕು. ಮಂಡಳಿ ನಿರಾಕರಿಸಿದರೆ ಹೈಕೋರ್ಟಿಗೆ ಹೋಗಬಹುದು. ವಿಲ್ ಬರೆಯದೆ ಪ್ರಜ್ಞೆ ತಪ್ಪಿದವರಿಗೂ ಮನೆಯವರ ಒಪ್ಪಿಗೆಯಿಂದ ಇದೇ ಕ್ರಮ. ಚುಚ್ಚುಮದ್ದು ಕೊಟ್ಟು ಸಾಯಿಸುವುದು ಮಾತ್ರ ಇಂದಿಗೂ ಅಪರಾಧ.

ಯಂತ್ರ ತೆಗೆದರೂ ಆರೈಕೆ ನಿಲ್ಲಬಾರದು. ನೋವು ತಗ್ಗಿಸುವ ಮಾರ್ಫಿನ್ ಸಿಗುವುದು ಸುಲಭವಾಗಲೆಂದೇ 2014ರಲ್ಲಿ ಮಾದಕವಸ್ತು ಕಾಯ್ದೆಗೆ ತಿದ್ದುಪಡಿ ಬಂತು. ಬೆಂಗಳೂರಿನ ಕರುಣಾಶ್ರಯ ಕೊನೆ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತದೆ. ಡಿಸ್ಚಾರ್ಜ್ ಕಾಗದಕ್ಕೆ ಸಹಿ ಹಾಕುವ ಮುನ್ನ, ಮನೆಯಲ್ಲಿ ನೋವು ಹೆಚ್ಚಾದರೆ ಯಾವ ಮದ್ದು, ಯಾರಿಗೆ ಫೋನ್ ಮಾಡಬೇಕು ಎಂದು ಡಾಕ್ಟರಿಂದ ಬರೆಸಿಕೊಳ್ಳಿ.